ನಾನು ಬರೆದುಕೊಂಡ ಭಾಷಣ

ಆಗ ನಾನು ಗೋಕಾಕದಲ್ಲಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಡೈರಿ ಬರೆಯುವ ರೂಢಿ ಹಚ್ಚಿದವರು ನಮ್ಮ ಇತಿಹಾಸದ ಸರ್. ಎಷ್ಟು ತಾಸು ಓದಿದೆ, ನಮ್ಮೂರು ಘೋಡಗೇರಿಯ ಬಸ್ಸು ಎಷ್ಟು ತಡವಾಯಿತು ಎಲ್ಲ ಬರೆಯುತ್ತಿದ್ದೆ. ಜೂನ್‌ನಿಂದ ಜನವರಿಯವರೆಗೆ ಸರ್ ಪಾಠದ ಒಂದು ತಾಸನ್ನೂ ತಪ್ಪಿಸಿರಲಿಲ್ಲ. ಆ ಲೆಕ್ಕವೂ ನನ್ನಲ್ಲಿತ್ತು.

ರಾಜ್ಯ ಒಂದಾಗಿ ಕೆಲವು ವರ್ಷಗಳಾಗಿದ್ದವು. ಹಿಡಕಲ್ ಆಣೆಕಟ್ಟಿನ ಮಾತು ಎಲ್ಲರ ಬಾಯಲ್ಲಿತ್ತು. ಜನವರಿಯ ಎರಡನೆಯ ರವಿವಾರ, ಹುಕ್ಕೇರಿ ಕಡೆಯ, ಮುಳುಗಡೆಯಾಗಲಿದ್ದ ಹಳ್ಳಿಯೊಂದರವರು ಸರ್ ಅವರನ್ನು ಕರೆಸಿಕೊಂಡರು. ನಾನೂ ಜೊತೆಗೆ ಹೋದೆ. ಬೇವಿನ ಕಟ್ಟೆಯ ಮೇಲೆ ನಿಂತು ಅವರು ನಲವತ್ತು ನಿಮಿಷ ಮಾತನಾಡಿದರು.

"ಬದಲಿ ಹೊಲ ತೋರಿಸೋತನಕ ಅಳತಿ ಸರಪಳಿ ನೆಲಕ್ಕ ಬೀಳಗೊಡಬ್ಯಾಡ್ರಿ. ಆದ್ರ ಅಳಿಯಾಕ ಬಂದವನ ಮೈ ಮುಟ್ಟಬ್ಯಾಡ್ರಿ. ಅಂವನೂ ಪಗಾರಕ್ಕ ದುಡಿಯಾಂವ."

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

ಹದಿನೈದು ದಿನದೊಳಗೆ ಸುದ್ದಿ ಬೇರೆಯೇ ಆಗಿ ಗೋಕಾಕ ಮುಟ್ಟಿತು: ಹೊಲ ಅಳೆಯಲು ಬರುವ ಮೋಜಣಿದಾರರನ್ನು ಹೊಡೆಯಿರಿ ಎಂದರಂತೆ. ಕಾಲೇಜಿನ ಆಡಳಿತ ಮಂಡಳಿ ವಿಚಾರಣೆ ಇಟ್ಟಿತು. ಸರಕಾರದ ವಿರುದ್ಧ ಮಾತನಾಡಿದ್ದು ರುಜುವಾತಾದರೆ ಸರ್ ಅವರ ನೌಕರಿ ಹೋಗುತ್ತಿತ್ತು. ಹಳ್ಳಿಯಿಂದ ಹನ್ನೊಂದು ಜನ ಬಂದರು. ಹನ್ನೊಂದು ಜನರದೂ ಒಂದೇ ಮಾತು. ನಾನು ಬಾಗಿಲ ಹೊರಗೆ ಕೂತು ಕೇಳುತ್ತಿದ್ದೆ.

"ಯಾವ ಭಾಷಣಾ ರೀ? ಮಾಸ್ತರು ನಮ್ಮ ಮೊಮ್ಮಗಳ ಕುಬಸದ ಊಟಕ್ಕ ಬಂದಿದ್ರು," ಎಂದಳು ಒಬ್ಬ ಮುದುಕಿ.

"ಬಸುರಿ ಹೆಂಗಸಿಗೆ ಕುಬಸಾ ಮಾಡೋದ್ರಾಗ ಮಾಸ್ತರಂದೇನ ಕೆಲಸಬೇ ಆಯಿ?" ಎಂದರು ಅಧ್ಯಕ್ಷರು.

"ಹೋಳಿಗಿ ಉಣ್ಣಾಕ ಗಂಡಸ್ರು ಒಲ್ಲೆ ಅಂತಾರೇನ್ರಿ? ನೀವ ಬಂದಿದ್ರ ನಿಮಗೂ ನೀಡತಿದ್ವಿ."

ಒಳಗೆ ಎಲ್ಲರೂ ನಕ್ಕರು. ಸರ್ ಮಾತ್ರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನಗೆ ತಡೆಯಲಾಗಲಿಲ್ಲ. ಮೈ ಮುಟ್ಟಬೇಡಿರಿ ಎಂದದ್ದು ನನ್ನಲ್ಲಿ ಬರೆದಿರುವಾಗ ಈ ಸುಳ್ಳು ಯಾಕೆ ಬೇಕು? ಯಾರನ್ನೂ ಕೇಳದೆ ಒಳಗೆ ಹೋಗಿ ಡೈರಿಯನ್ನು ಮೇಜಿನ ಮೇಲೆ ತೆರೆದಿಟ್ಟೆ. ಸರ್ ಕಣ್ಣು ಮುಚ್ಚಿಕೊಂಡರು.

ಅಧ್ಯಕ್ಷರು ಸರಪಳಿಯ ಸಾಲಿನವರೆಗೆ ಗಟ್ಟಿಯಾಗಿ ಓದಿ ನಿಲ್ಲಿಸಿದರು.

"ಮುಂದಿಂದೂ ಓದ್ರಿ ಸಾಹೇಬ್ರ," ಎಂದೆ.

"ಇಷ್ಟ ಸಾಕು. ಅವರು ಹಿಂಗ ಅಂದದ್ದು ಖರೆ ಹೌದಿಲ್ಲೋ?"

"ಖರೇರಿ, ಆದ್ರ..."

"ಆದ್ರ ಗೀದ್ರ ಬ್ಯಾಡ. ಸಹಿ ಮಾಡು."

ಮಾಡಿದೆ. ಹೊರಗೆ ಮುದುಕಿ ನನ್ನನ್ನು ನಿಲ್ಲಿಸಿದಳು. "ಓದಿ ಭಾಳ ಶಾಣ್ಯಾ ಆಗೀಯೋ ನನ್ನಪ್ಪಾ. ಅವರ ಅನ್ನಾ ಕಸಗೊಂಡಿ."

ಫೆಬ್ರುವರಿಯ ಕೊನೆಯ ಶನಿವಾರ ಸರ್ ಅವರನ್ನು ಕೆಲಸದಿಂದ ತೆಗೆದರು. ಒಂಬತ್ತು ಜನ ಅಧ್ಯಾಪಕರಲ್ಲಿ ಒಬ್ಬರೂ ಗೇಟಿನವರೆಗೆ ಅವರ ಜೊತೆ ನಡೆಯಲಿಲ್ಲ. ನಾನು ಕಿಡಕಿಯಲ್ಲಿ ನಿಂತಿದ್ದೆ. ಅವರ ಜಾಗಕ್ಕೆ ಬಂದವರು ನೋಟ್ಸ್ ಹೇಳಿ ಬರೆಸುತ್ತಿದ್ದರು. ಪರೀಕ್ಷೆಯವರೆಗೆ ಹದಿನೇಳು ತಾಸು. ಅಷ್ಟರಲ್ಲಿ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮರುವರ್ಷ ಮೂಡಲಗಿಯ ಸಂತೆಯ ದಿನ ಅವರನ್ನು ಕಂಡೆ. ತಮ್ಮ ಭಾವನ ಅರಿವೆ ಅಂಗಡಿಯಲ್ಲಿ ಗಿರಾಕಿಗೆ ಧೋತರದ ಮಡಿಕೆ ಬಿಚ್ಚಿ ತೋರಿಸುತ್ತಿದ್ದರು. ನನ್ನನ್ನು ಕೂಡ್ರಿಸಿ ಚಹಾ ತರಿಸಿದರು. ಮಳೆಯ ಮಾತಾಯಿತು, ಜೋಳದ ಮಾತಾಯಿತು. ತಪ್ಪಾಯಿತು ಎನ್ನಲು ಹೋದವನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಆ ಹಳ್ಳಿಯವರಿಗೆ ಬದಲಿ ಹೊಲ ಸಿಕ್ಕಿತೇನು ಎಂದು ಕೇಳಿಬಿಟ್ಟೆ.

ಸರ್ ಅವರ ಕೈ ನಿಂತಿತು. ಬೀದಿಯ ಆ ಕಡೆ, ಈ ಕಡೆ ನೋಡಿದರು.

"ಇದನ್ನ ಕೇಳಾಕ ನಿನ್ನನ್ನ ಯಾರರೆ ಕಳಿಸ್ಯಾರೇನು?"

"ಇಲ್ಲರಿ ಸರ್. ಯಾರೂ ಕಳಿಸಿಲ್ಲ."

ನಂಬಿದರೋ ಇಲ್ಲವೋ. "ಚಹಾ ಕುಡಿದು ಹೊಂಡು, ಬಸ್ ತಪ್ಪತೈತಿ," ಎಂದು ಗಿರಾಕಿಯ ಕಡೆ ತಿರುಗಿದರು.