ಕಣ್ಣು ಕಟ್ಟಿಕೊಂಡು ನಡೆದವರು

ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ಅಧಿಕಾರಿ, ಎದುರಿದ್ದ ಇನ್ನೊಬ್ಬ ಅಧಿಕಾರಿಯ ಮಾತನ್ನೇ ನಂಬಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಪುಣೆಯ ಖಡಕಿಯಲ್ಲಿ ಏಷ್ಯಾದ ಹಲವು ದೇಶದವರು ಸೇರಿ ನಡೆಸಿದ ನೆಲಬಾಂಬ್ ತೆರವಿನ ತರಬೇತಿ ಅದು. ಹೂತಿದ್ದವು ನಕಲಿ ಬಾಂಬುಗಳು. ನಾನು ಅಲ್ಲಿ ನರ್ಸ್ ಆಗಿದ್ದೆ.

"ಸಿಸ್ಟರ್, ಇವರಿಬ್ಬರ ದೇಶ ಗಡಿಯಾಗ ಭಾಳ ವರ್ಷ ಬಡದಾಡ್ಯಾವರಿ," ಎಂದರು ಧಾರವಾಡ ಕಡೆಯ ನಮ್ಮ ಆಂಬುಲೆನ್ಸ್ ಚಾಲಕ.

ಕಣ್ಣು ಕಟ್ಟಿಕೊಂಡೇ ಮೈದಾನ ದಾಟಿದ ಅಧಿಕಾರಿ ಕುಂಟುತ್ತ ಬಂದರು. ಗಾಯವಾಗಿದೆಯೇನೋ ಎಂದು ಅವರ ಪ್ಯಾಂಟಿನ ಅಂಚು ಮೇಲೆತ್ತಿ ನೋಡಿದೆ. ಮೊಣಕಾಲಿನ ಕೆಳಗಿದ್ದದ್ದು ಕೃತಕ ಕಾಲು!

"ಗಡಿಯಲ್ಲಿ ಇವರ ಸೈನ್ಯ ಹೂತಿದ್ದ ಬಾಂಬಿಗೆ ಹೋಯಿತು," ಎಂದು ಅವರು ಪಕ್ಕದಲ್ಲಿದ್ದವರನ್ನು ತೋರಿಸಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ದಾರಿ ಹೇಳಿದ್ದ ಅಧಿಕಾರಿ ಅವರ ತೋಳು ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಮೊದಲೆಲ್ಲ ಪತ್ರಿಕೆಯಲ್ಲಿ ದೇಶಗಳ ಮಾತುಕತೆಯ ಸುದ್ದಿ ಬಂದರೆ ನಾನು ಪುಟ ತಿರುಗಿಸುತ್ತಿದ್ದೆ. ಈಗ ಪೂರ್ತಿ ಓದುತ್ತೇನೆ. ಅದರ ಹಿಂದೆ ಇಂಥವರೂ ಇರುತ್ತಾರೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.