ಕೊನೆಯ ಕಂತು ಉಳಿಸಿಕೊಂಡವಳು

ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪ್ಲಾಸ್ಟರಕ್ಕ ಎಂದು. ಡಾಕ್ಟರು ಮುರಿದ ಮೂಳೆಯನ್ನು ನೇರ ಮಾಡಿದ ಮೇಲೆ ನೆನೆಸಿದ ಪಟ್ಟಿ ಸುತ್ತಿ ಕಟ್ಟು ಹಾಕುವುದು, ಮೂಳೆ ಕೂಡಿಕೊಂಡ ಮೇಲೆ ಅದನ್ನು ಕೊಯ್ದು ಬಿಚ್ಚುವುದು ಅವಳ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಉಳಿದೇ ಉಳಿಯುತ್ತಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು ಮುರಿದುಬಿದ್ದಿತ್ತು. ಈಗ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ರಜೆಯ ದಿನ ತಂಗಿಯ ಮನೆಯವರು ಅವಳನ್ನು ದೊಡ್ಡ ಸೂಪರ್‌ಹೀರೋ ಸಿನಿಮಾಕ್ಕೆ ಕರೆದುಕೊಂಡು ಹೋದರು. ಹೀರೋ ಗೋಪುರದ ತುದಿಯಿಂದ ಬಿದ್ದು, ಧೂಳು ಕೊಡವಿಕೊಂಡು ಎದ್ದು ನಿಂತ. ಥಿಯೇಟರಿನ ತುಂಬ ಶಿಳ್ಳೆ. ಇವಳ ಬಾಯಿ ಸುಮ್ಮನಿರಲಿಲ್ಲ.

"ಹಿಮ್ಮಡಿ ಎರಡೂ ಪುಡಿಪುಡಿ ಆಗಿರುತ್ತೆ. ನಿಂತ್ಕೊಳ್ಳೋದು ಹೇಗೆ?"

"ಅತ್ತಿಗೆ, ಸಿನಿಮಾಗೆ ಬಂದೂ ಡ್ಯೂಟಿ ಮಾಡ್ತೀರಲ್ಲ!" ಎಂದು ತಂಗಿಯ ಗಂಡ ನಕ್ಕ.

"ನೋಡ್ತಿರಿ, ಈಗ ಅವನ ಗೆಳೆಯ ಸಾಯ್ತಾನೆ. ಇವನಿಗೆ ಸಿಟ್ಟು ಬರುತ್ತೆ, ಆಕಾಶ ಬಿರಿಯುತ್ತೆ."

ಹಾಗೇ ಆಯಿತು. ತಂಗಿ ಮುಖ ಸಿಂಡರಿಸಿಕೊಂಡಳು. ಮುಂದಿನ ಸಿನಿಮಾಕ್ಕೆ ಅವಳನ್ನು ಯಾರೂ ಕರೆಯಲಿಲ್ಲ.

ಅವಳಿಗೂ ಸೂಪರ್‌ಹೀರೋ ಬೇಕಿತ್ತು, ಆದರೆ ಬೇರೆ ಥರದವನು. ಸಂಜೆ ಬಾಡಿಗೆ ಕೋಣೆಯಲ್ಲಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಫೋನಿನಲ್ಲಿ ಒಂದು ಸರಣಿ ನೋಡುತ್ತಿದ್ದಳು. ಅದರ ನಾಯಕ ಬಸ್ಸು ಎತ್ತಬಲ್ಲ. ಎತ್ತಿದರೆ ಭುಜ ಜಾರುತ್ತದೆ, ನೋವು ಕಂತಿನಿಂದ ಕಂತಿಗೆ ಹಾಗೇ ಉಳಿಯುತ್ತದೆ. ಒಂದು ಕಂತಿನಲ್ಲಿ, ತಾನು ಉಳಿಸಲಾಗದೆ ಹೋದವರ ಮನೆ ಬಾಗಿಲಿಗೆ ಹೋಗಿ, ಬೆಲ್ ಒತ್ತಲಾರದೆ ಹಿಂದಿರುಗುತ್ತಾನೆ. ಆ ಕಂತು ಮುಗಿಯುವಷ್ಟರಲ್ಲಿ ಅವಳ ಊಟ ಆರಿ ತಣ್ಣಗಾಗಿತ್ತು. ಮರುದಿನ ನರ್ಸ್‌ಗಳಿಗೆ ಹೇಳಹೋದರೆ, "ಫೈಟೇ ಇಲ್ವಾ? ಹಾಗಾದ್ರೆ ಬಿಡಿ" ಎಂದುಬಿಟ್ಟರು.

ಆ ದಿನಗಳಲ್ಲೇ ಬಂದವನು ಗಾಜು ಒರೆಸುವವನು. ಕಿಟಕಿ ತೊಳೆಯುವಾಗ ಏಣಿಯಿಂದ ಜಾರಿ ಮಣಿಕಟ್ಟು ಮುರಿದುಕೊಂಡಿದ್ದ. ಊತ ಇಳಿದು ಕಟ್ಟು ಸಡಿಲವಾಯಿತೆಂದು ಎರಡನೆಯ ಸಲ ಬಂದಾಗ, ಅವಳು ಹೊಸ ಪಟ್ಟಿ ಸುತ್ತುತ್ತಿರುವಾಗ ಗೊಣಗಿದ: "ಮನೇಲಿ ಕೂತು ಒಂದು ಸೀರೀಸ್ ನೋಡ್ತಿದೀನಿ. ಬಸ್ ಎತ್ತೋನಿಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕಾಗಲ್ಲ. ಈಗ ನಂದೂ ಅದೇ ಕತೆ."

ಅವಳ ಕೈ ನಿಂತಿತು. "ಅವನು ಆ ಮನೆ ಬಾಗಿಲ ಹತ್ರ ನಿಲ್ತಾನಲ್ಲ..."

"ಬೆಲ್ ಒತ್ತಲ್ಲ! ಅಯ್ಯೋ ಅಕ್ಕಾ, ನೀವೂ ನೋಡ್ತೀರಾ?"

ಮಾತಿನ ಭರದಲ್ಲಿ ಪಟ್ಟಿ ಗಟ್ಟಿಯಾಗಿ, ಅದನ್ನು ಕತ್ತರಿಸಿ ಮತ್ತೊಂದು ಹಾಕಬೇಕಾಯಿತು. ಇಬ್ಬರೂ ನಕ್ಕರು. ಆಮೇಲೆ ಅವನು ತಪಾಸಣೆಗೆ ಬಂದಾಗಲೆಲ್ಲ ಪ್ಲಾಸ್ಟರ್ ಕೋಣೆಯಲ್ಲಿ ಮಾತೋ ಮಾತು. ಅವನು ಬರುವ ದಿನ ಅವಳು ತಲೆಗೂದಲಿನ ಪುಡಿ ಕೊಡವಿಕೊಳ್ಳುತ್ತಿದ್ದಳು. ಅದಕ್ಕೊಂದು ಹೆಸರಿಡಲು ಹೋಗಲಿಲ್ಲ. ಅವನಿಗೆ ಹೆಂಡತಿ ಮಕ್ಕಳಿದ್ದರು. ಅವಳಿಗೆ ಬೇಕಿದ್ದುದು ಕೇಳುವ ಒಂದು ಕಿವಿ.

ಕಟ್ಟು ಬಿಚ್ಚಿದ ದಿನ ಅವನೆಂದ: "ಕೊನೇ ಕಂತು ಇನ್ನೇನು ಬರುತ್ತೆ. ನಾನು ಬರೋವರೆಗೂ ನೋಡ್ಬೇಡಿ ಅಕ್ಕಾ. ನಿಮ್ಮ ಊಟದ ಬಿಡುವಲ್ಲಿ ಇಲ್ಲೇ ಕೂತು ನೋಡೋಣ."

ಕಂತು ಬಂತು. ಅವನು ಬರಲಿಲ್ಲ. ಕೈ ಸರಿಹೋದವನು ಆಸ್ಪತ್ರೆಗೆ ಯಾಕೆ ಬಂದಾನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಆ ಕಂತನ್ನು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಬ್ಯಾಂಕಿನ ಮುಂದೆ ಅವನೇ ಸಿಕ್ಕ. ಬಕೆಟ್ಟಿನ ಮೇಲೆ ಬಗ್ಗಿ ಬಟ್ಟೆ ಹಿಂಡುತ್ತಿದ್ದ.

"ಅಕ್ಕಾ! ಬರಬೇಕು ಅಂದ್ಕೊಂಡೆ, ಕೆಲಸ ಶುರುವಾದ್ಮೇಲೆ ಪುರಸೊತ್ತೇ ಇಲ್ಲ."

"ಕೊನೇ ಕಂತು ನೋಡಿದ್ರಾ?"

"ಓ, ಅದಾ! ಬಿಟ್ಟೇಬಿಟ್ಟೆ. ದುಡಿದು ಬಂದ್ಮೇಲೆ ಅವನ ಗೋಳು ಯಾರು ನೋಡ್ತಾರೆ? ಮಕ್ಕಳ ಜೊತೆ ದೊಡ್ಡ ಸೂಪರ್‌ಹೀರೋ ಸಿನಿಮಾಗೆ ಹೋಗಿದ್ವಿ. ಎಲ್ಲಾ ಗೊತ್ತಿರೋದೇ, ಆದ್ರೂ ಮಜವಾಗಿತ್ತು."

ಅವಳಿಗೆ ಕೋಪ ಬರಲಿಲ್ಲ. ಅವನ ಮಣಿಕಟ್ಟು ಹಿಡಿದು ಆಚೀಚೆ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಚೆನ್ನಾಗಿ ಕೂಡ್ಕೊಂಡಿದೆ. ಏಣಿ ಹುಷಾರು" ಎಂದು ಹೇಳಿ ನಡೆದಳು.

ಅಂದು ಸಂಜೆ ಒಬ್ಬಳೇ ಕೂತು ನೋಡಿದಳು. ಯುದ್ಧವಿಲ್ಲ, ಏನಿಲ್ಲ. ನಾಯಕ ತನ್ನನ್ನು ಯಾರೂ ಗುರುತಿಸದ ಊರಿಗೆ ಹೋಗಿ ಮಕ್ಕಳಿಗೆ ಈಜು ಕಲಿಸುತ್ತಿದ್ದ, ಅಷ್ಟೇ. ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ತಡೆಯಲಾರದೆ ತಂಗಿಗೆ ಫೋನ್ ಮಾಡಿ, ಸರಣಿಯ ಕೊನೆಯ ಕಂತು ನೋಡಿದೆ ಎಂದಳು.

"ಹೀರೋ ಗೆದ್ನಾ?" ಎಂದಳು ತಂಗಿ.

"ಗೆಲ್ಲೋಕೆ ಎದುರಿಗೆ ಯಾರೂ ಇರ್ಲಿಲ್ಲ ಕಣೆ. ಈಜು ಕಲಿಸ್ತಾನೆ."

"ಏನು? ಮನೇಲಿ ಇವರೆಲ್ಲರ ಗಲಾಟೇಲಿ ಏನೂ ಕೇಳಿಸ್ತಿಲ್ಲ. ನಾಳೆ ಮಾಡ್ತೀನಿ ಅಕ್ಕಾ."

ಅವಳು ಫೋನನ್ನು ಚಾರ್ಜಿಗೆ ಹಾಕಿ ತಟ್ಟೆ ತೊಳೆದಿಟ್ಟಳು. ಇನ್ನೊಂದು ಸರಣಿ ಹುಡುಕಲು ಅಂದು ಮನಸ್ಸಾಗಲಿಲ್ಲ.