ಮಾತಿನಮಲ್ಲಿಯ ದಿಗಿಲು

ಪ್ರವಾಸಿ ಬಸ್ಸಿನಲ್ಲಿ ಗೈಡ್ ಕೆಲಸ ಮಾಡುತ್ತಿದ್ದ ಆ ಹೆಂಗಸಿಗೆ ಆಫೀಸಿನವರೆಲ್ಲ ಸೇರಿ ಇಟ್ಟಿದ್ದ ಹೆಸರು ಮಾತಿನಮಲ್ಲಿ. ಹೆಸರಿಗೆ ಕಳಂಕ ಬರದಂತೆ ನಡೆದುಕೊಂಡವಳು ಅವಳು. ಬೆಳಿಗ್ಗೆ ಬಸ್ಸು ಹತ್ತಿ ಮೈಕು ಹಿಡಿದಳೆಂದರೆ ಸಂಜೆ ಇಳಿಯುವವರೆಗೆ ಬಾಯಿಗೆ ಬಿಡುವಿಲ್ಲ. ಮೊದಲು ಗಾಜಿನಮನೆಯಿರುವ ದೊಡ್ಡ ಪಾರ್ಕು, ಆಮೇಲೆ ಮ್ಯೂಸಿಯಂ, ಊಟವಾದ ಮೇಲೆ ಚಿತ್ರಗಳ ಗ್ಯಾಲರಿ, ಕೊನೆಗೆ ಕೆರೆ ಪಕ್ಕದ ಉದ್ಯಾನ. ಊರು ನೋಡಲು ಬಂದವರು ಎಲ್ಲಿ ಕಾಲೆಳೆದುಕೊಂಡು ನಡೆಯುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಮ್ಯೂಸಿಯಮ್ಮಿನ ಮುಂದೆ ನಿಂತ ಕಲ್ಲಿನ ದೊರೆಯನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿ, "ಇವರ ಮೂಗು ಯುದ್ಧದಲ್ಲಿ ಹೋಯ್ತು ಅಂದ್ಕೋಬೇಡಿ. ಇಲ್ಲಿ ತಂದು ಇಳಿಸುವಾಗ ಮುರೀತು. ಶತ್ರುಗಳ ಕೈಲಿ ಆಗದ್ದನ್ನ ನಮ್ಮವರೇ ಮಾಡಿ ಮುಗಿಸಿದ್ರು" ಎನ್ನುತ್ತಿದ್ದಳು. ಜನ ನಗುತ್ತಿದ್ದರು. ಆ ಮಾತನ್ನು ದಿನವೂ ಕೇಳಿ ದಿನವೂ ನಗುತ್ತಿದ್ದವನು ಡ್ರೈವರ್ ಒಬ್ಬನೇ.

ಮನೆಯಲ್ಲಿ ಗಂಡನಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಬೆರಳ ಸಂದಿಯಲ್ಲಿ ಎಣ್ಣೆಯ ಕಲೆ, ತುಟಿಯ ಮೇಲೆ ಬೀಗ. ಮಕ್ಕಳಿಲ್ಲದ ಆ ಎರಡು ಕೋಣೆಯ ಮನೆಯಲ್ಲಿ ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಪಾರ್ಕಿನಲ್ಲಿ, ಗಾಜಿನಮನೆಯ ಎದುರು, ಎಂದಿನಂತೆ ಕೈ ಚಾಚಿ, "ಈಗ ನಿಮ್ಮ ಎಡಗಡೆ ಕಾಣ್ತಿರೋದು..." ಎಂದವಳು ಅಲ್ಲಿಗೇ ನಿಂತಳು. ಎದುರಿಗೆ ನೀರು ಆಳೆತ್ತರ ಚಿಮ್ಮಿ, ಬಿಸಿಲಲ್ಲಿ ಹೊಳೆದು, ಕೆಳಗೆ ಬೀಳುತ್ತಿತ್ತು. ಅದಕ್ಕೆ ಏನನ್ನುತ್ತಾರೆ? ನಾಲಿಗೆಯ ತುದಿಯಲ್ಲೂ ಇಲ್ಲ, ಗಂಟಲಲ್ಲೂ ಇಲ್ಲ. ಆ ಪದ ಇದ್ದ ಜಾಗ ಗುಡಿಸಿಟ್ಟಂತೆ ಖಾಲಿಯಾಗಿತ್ತು.

"ಅದೇ... ನೀರು ಮೇಲಕ್ಕೆ ಹಾರುತ್ತಲ್ಲ, ಅದು" ಎಂದಳು.

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಅವಳೂ ನಕ್ಕಳು. 'ಕಾರಂಜಿ' ಎಂಬ ಪದ ಮರಳಿ ಬಂದದ್ದು ಬಸ್ಸು ಪಾರ್ಕಿನ ಗೇಟು ದಾಟಿದ ಮೇಲೆ.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದರು. ಅವಳಿಂದ ಆಗಲಿಲ್ಲ. ಅವಳ ತಾಯಿಗೂ ಶುರುವಾದದ್ದು ಹೀಗೆಯೇ. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ತಾಯಿ ಒಂದು ದಿನ, "ಅದು ತಾರೇ, ಬಟ್ಟೆ ಕತ್ತರಿಸ್ತಾರಲ್ಲ, ಅದು" ಎಂದಿದ್ದಳು. ತಾಯಿ ಮಗಳು ಬಿದ್ದು ಬಿದ್ದು ನಕ್ಕಿದ್ದರು. ಆಮೇಲೆ ತಾಯಿ ಅಂಗಡಿಯಿಂದ ಮನೆಗೆ ಬರುವ ದಾರಿ ಮರೆತಳು. ಆಮೇಲೆ ಸೂಜಿಗೆ ದಾರ ಪೋಣಿಸುವುದನ್ನು ಮರೆತಳು. ಕೊನೆಕೊನೆಗೆ ಹಾಸಿಗೆಯ ಪಕ್ಕ ಕೂತ ಮಗಳನ್ನೇ ನೋಡಿ, "ನಿಮ್ಮ ಮನೇಲಿ ಯಾರೂ ಕಾಯಲ್ವೇನಮ್ಮಾ? ಇಷ್ಟು ಹೊತ್ತು ಇಲ್ಲೇ ಇದ್ದೀರಲ್ಲ" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು, ಆ ಮರ್ಯಾದೆಯನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ತಾಯಿಗೆ ಅದು ಶುರುವಾದ ವಯಸ್ಸಿಗೆ ಈಗ ಮಗಳು ಬಂದು ನಿಂತಿದ್ದಳು.

ಅಂದಿನಿಂದ ಮಾತಾಡುವಾಗ ಅರ್ಧ ಮನಸ್ಸು ಮುಂದಿನ ಪದ ಇದೆಯೋ ಇಲ್ಲವೋ ಎಂದು ಇಣುಕಿ ನೋಡುತ್ತಿತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಗ್ಯಾಲರಿಯ ಚಿತ್ರಗಳನ್ನು ಮೊದಲ ಕೋಣೆಯಿಂದ ಒಂದೊಂದಾಗಿ ಹೇಳಿಕೊಳ್ಳುವಳು: ದೋಣಿ ಎಳೆಯುವವರು, ಕೆಂಪು ಸೆರಗಿನ ಹುಡುಗಿ, ಬೆಂಕಿ ಬಿದ್ದ ಪೇಟೆ. ಎಲ್ಲಾದರೂ ತಡೆದರೆ ಮತ್ತೆ ಮೊದಲಿಂದ. ಗಂಡ ಹೊರಗಿನಿಂದ ಬಾಗಿಲು ತಟ್ಟಿ, "ನೀರು ಖಾಲಿಯಾಗುತ್ತೆ" ಎನ್ನುವನು. ಅಷ್ಟೇ. ಅವನಿಗೆ ಮಾತ್ರ ಗೊತ್ತಾಗಬಾರದು ಎಂದು ಅವಳು ಹಟ ಹಿಡಿದಿದ್ದಳು. ಅವಳ ತಾಯಿಯನ್ನು ಮಗುವಿನಂತೆ ಎತ್ತಿ ಕೂರಿಸಿ, ತುತ್ತು ಇಟ್ಟವನು ಅವನು. ಅದೇ ಕೆಲಸ ಇನ್ನೊಮ್ಮೆ ಅವನ ತಲೆಗೆ ಕಟ್ಟುವುದೆಂದರೆ ಅವಳ ಎದೆ ಒಡೆಯುತ್ತಿತ್ತು.

ಹೀಗಿರುವಾಗ ಮ್ಯೂಸಿಯಮ್ಮಿನಲ್ಲಿ ಆ ದಿನ ಬಂತು.

ಬಸ್ಸಿನ ತುಂಬ ಜನ. ಅವರಲ್ಲಿ ಒಬ್ಬ ಅಜ್ಜಿ, ಕೋಲು ಹಿಡಿದು, ಸೊಸೆಯ ತಂಗಿ ಟಿಕೆಟ್ ಮಾಡಿಸಿ ಕೊಟ್ಟಳೆಂದು ಒಬ್ಬರೇ ಬಂದಿದ್ದರು. ಎಲ್ಲರನ್ನೂ ಕರೆದುಕೊಂಡು ಅವಳು ಮೇಲಿನ ಮಹಡಿಗೆ ಹೋದಳು. ಹಳೆಯ ನಾಣ್ಯ, ಕತ್ತಿ, ತೊಟ್ಟಿಲು ಎಲ್ಲ ತೋರಿಸಿದಳು. ಇಳಿಯಲು ಎಂದಿನ ಬಾಗಿಲಿಗೆ ಬಂದರೆ ಅಡ್ಡಲಾಗಿ ಹಗ್ಗ ಕಟ್ಟಿ, 'ಬಣ್ಣದ ಕೆಲಸ ನಡೆದಿದೆ' ಎಂದು ಬರೆದು ಹಾಕಿದ್ದರು.

"ಆಯ್ತು, ಹಿಂದಿನಿಂದ ಹೋಗೋಣ ಬನ್ನಿ" ಎಂದು ತಿರುಗಿದಳು. ತಿರುಗಿದವಳಿಗೆ ಹಿಂದೆಂದರೆ ಯಾವ ಕಡೆ ಎಂದು ತಿಳಿಯಲಿಲ್ಲ.

ಎದುರಿಗೆ ಮೂರು ಬಾಗಿಲು. ಮೂರರ ಆಚೆಯೂ ಗಾಜಿನ ಪೆಟ್ಟಿಗೆಗಳು, ಅದೇ ಹಳದಿ ದೀಪ, ಅದೇ ನುಣುಪು ನೆಲ. ವರ್ಷಗಟ್ಟಲೆ ಓಡಾಡಿದ ಜಾಗ ಯಾರದೋ ಮನೆಯಂತೆ ಕಂಡಿತು. ಒಂದು ಬಾಗಿಲು ಹೊಕ್ಕಳು. ಒಣಗಿಸಿ ತುಂಬಿಟ್ಟ ಹಕ್ಕಿಗಳು ಗಾಜಿನ ಕಣ್ಣು ಬಿಟ್ಟುಕೊಂಡು ನೋಡಿದವು. ಅಲ್ಲಿಂದ ಇನ್ನೊಂದು. ಮತ್ತೆ ಅದೇ ತೊಟ್ಟಿಲು. ಅವಳ ಹಿಂದೆ ಹೆಜ್ಜೆಗಳ ಸದ್ದು ಬರುತ್ತಲೇ ಇತ್ತು; ಅಷ್ಟು ಜನ ಅವಳನ್ನು ನಂಬಿಕೊಂಡು ನಡೆಯುತ್ತಿದ್ದರು.

"ಇದನ್ನ ಆಗಲೇ ನೋಡಿದ್ವಲ್ಲ?" ಎಂದರು ಯಾರೋ.

"ಇನ್ನೊಂದ್ಸಲ ನೋಡಿ, ದುಡ್ಡು ಕೇಳಲ್ಲ" ಎಂದಳು. "ಐದು ನಿಮಿಷ ನೀವೇ ನೋಡ್ತಿರಿ, ಬಂದೆ."

ಕಂಬದ ಮರೆಗೆ ಹೋಗಿ ಗೋಡೆಗೆ ಒರಗಿದಳು. ಅಷ್ಟರಲ್ಲಿ ಫೋನ್ ಬಂತು. ಡ್ರೈವರ್.

"ಅಕ್ಕಾ, ಎಲ್ಲಿದ್ದೀರಿ? ಹೊತ್ತಾಯ್ತು."

"ಮ್ಯೂಸಿಯಂ ಒಳಗೆ."

"ಅದು ಗೊತ್ತು. ಒಳಗೆ ಎಲ್ಲಿ?"

ಅವಳು ಕಂಬದ ಮರೆಯಿಂದ ಇಣುಕಿ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು.

"ಅಕ್ಕಾ?"

"ತಮ್ಮಾ, ನೀನೇ ಮೇಲೆ ಬಾ" ಎಂದಳು. "ಬೇಗ ಬಾ."

ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಅವಳ ಮುಖ ನೋಡಿದವನು ಏನೂ ಕೇಳದೆ, "ಬನ್ನಿ ಬನ್ನಿ, ಊಟ ಆರಿ ಹೋಗುತ್ತೆ" ಎಂದು ಜನರನ್ನು ಕರೆದುಕೊಂಡು ಕೆಳಗಿಳಿದ. ಅವಳು ಕುರಿಮರಿಯಂತೆ ಹಿಂಬಾಲಿಸಿದಳು. ಬಸ್ಸು ಹೊರಟಿತು. ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಮಗು, "ಅಮ್ಮಾ, ಕೋಲಿನ ಅಜ್ಜಿ ಎಲ್ಲಿ?" ಎಂದಿತು.

ಅವಳು ತಲೆ ಎಣಿಸಿರಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಎಣಿಸದೆ ಬಸ್ಸು ಹೊರಡಿಸಿದ್ದು ಅದೇ ಮೊದಲು.

ಡ್ರೈವರ್ ಬಸ್ಸು ತಿರುಗಿಸಿದ. ದಾರಿಯುದ್ದಕ್ಕೂ ಅವಳ ಕಣ್ಣಿಗೆ ಕಂಡದ್ದು ಕೋಲಿನ ಅಜ್ಜಿಯಲ್ಲ. ಮನೆಯ ದಾರಿ ಮರೆತು, ದೀಪದ ಕಂಬ ಹಿಡಿದು, ಹೋಗುವ ಬರುವವರ ಮುಖವನ್ನೆಲ್ಲ ನೋಡುತ್ತ ನಿಂತ ತನ್ನ ತಾಯಿ. ಮ್ಯೂಸಿಯಮ್ಮಿನ ಮುಂದೆ ಬಸ್ಸು ನಿಲ್ಲುವ ಮೊದಲೇ ಹಾರಿದಳು. ಮೇಲಿನ ಮಹಡಿಯಲ್ಲೂ ಕೆಳಗಿನ ಕೋಣೆಗಳಲ್ಲೂ ಅಜ್ಜಿ ಇಲ್ಲ. ಹೆಂಗಸರ ಶೌಚಾಲಯದಲ್ಲಿ ಇಲ್ಲ. ಕಾವಲಿನವನು, "ಕೋಲು ಹಿಡ್ಕೊಂಡಿದ್ದ ಒಬ್ರು ರಸ್ತೆ ಕಡೆ ಹೋದ ಹಾಗಿತ್ತು" ಎಂದ. ಬಿಸಿಲಲ್ಲಿ, ವಾಹನಗಳ ನಡುವೆ, ಹುಚ್ಚಿಯಂತೆ ಓಡಿದಳು.

ಅಜ್ಜಿ ಸಿಕ್ಕಿದ್ದು ಮೂಲೆಯ ಔಷಧಿ ಅಂಗಡಿಯಲ್ಲಿ. ಯಾರೋ ಕುರ್ಚಿ ಹಾಕಿ ನೀರು ಕೊಟ್ಟಿದ್ದರು. ಅವಳನ್ನು ಕಂಡದ್ದೇ ತಡ, ಅಜ್ಜಿಯ ಮುಖ ಕೆಂಪಾಯಿತು.

"ನಿನ್ನನ್ನ ನಂಬಿ ಬಂದೆ ನಾನು! ಒಂದು ಮಾತು ಹೇಳದೆ ಬಿಟ್ಟು ಹೋಗ್ತೀಯಾ? ನನಗೆ ಈ ಊರು ಗೊತ್ತಾ, ಜನ ಗೊತ್ತಾ?" ಎಂದು ಬಾಯಿಗೆ ಬಂದಂತೆ ಬೈದು, ಬೈಯುತ್ತಲೇ ಅತ್ತುಬಿಟ್ಟರು.

"ತಪ್ಪಾಯ್ತು ಅಮ್ಮಾ" ಎಂದಳು. ಅಜ್ಜಿಯ ಕೈ ಹಿಡಿದಳು. ಕೋಲನ್ನು ಇನ್ನೊಂದು ಕೈಗೆ ಕೊಟ್ಟು ಬಸ್ಸಿನ ಕಡೆ ನಡೆಸಿಕೊಂಡು ಬಂದಳು.

ಮಧ್ಯಾಹ್ನದ ಗ್ಯಾಲರಿ, ಕೆರೆಯ ಉದ್ಯಾನ ಎರಡನ್ನೂ ಡ್ರೈವರೇ ತೋರಿಸಿದ. "ಇದು ಚಿತ್ರ. ಇದೂ ಚಿತ್ರ. ಚೆನ್ನಾಗಿದೆ ಅಲ್ವಾ?" ಎನ್ನುತ್ತ ಸಾಗಿದ. ಅವಳು ಮುಂದಿನ ಸೀಟಿನಲ್ಲಿ ಮುದುರಿ ಕೂತಿದ್ದಳು. ಎಲ್ಲರೂ ಇಳಿದ ಮೇಲೆ ಅವನು, "ಆಫೀಸಿಗೆ ನಾನೇ ಹೇಳ್ತೀನಿ, ಹುಷಾರಿರಲಿಲ್ಲ ಅಂತ. ಆದ್ರೆ ಮನೇಲಿ ನೀವೇ ಹೇಳಬೇಕು ಅಕ್ಕಾ" ಎಂದ.

ಮನೆಗೆ ಬಂದಾಗ ಗಂಡ ಯಂತ್ರವೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ರೀ, ನನಗೂ ಅಮ್ಮನ ಹಾಗೇ ಆಗ್ತಿದೆ" ಎಂದಳು.

ಅವನು ತಲೆಯೆತ್ತಲಿಲ್ಲ. ತಿರುಪನ್ನು ಬಟ್ಟಲಿಗೆ ಹಾಕಿದ.

"ಗೊತ್ತು" ಎಂದ.

"ಏನು ಗೊತ್ತು?"

"ನೀನು ಒಲೆ ಆರಿಸದೆ ಹೋಗಿದ್ದೆ. ಎರಡು ಸಲ. ನಾನು ಆರಿಸಿದೆ." ಇನ್ನೊಂದು ತಿರುಪನ್ನು ಬಟ್ಟಲಿಗೆ ಹಾಕಿದ. "ಬಚ್ಚಲಲ್ಲಿ ಹೇಳ್ಕೊಳ್ತಿದ್ದದ್ದೂ ಕೇಳಿಸ್ತಿತ್ತು. ಎಲ್ಲಿ ತಡೀತೀಯೋ ಅಂತ ನಾನೂ ಉಸಿರು ಬಿಗಿಹಿಡ್ಕೊಂಡು ನಿಂತಿರ್ತಿದ್ದೆ. ಕೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತು. ಭಯ ಕಣೇ ನನಗೆ."

ಅಷ್ಟು ಉದ್ದದ ಮಾತನ್ನು ಅವನು ಆಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಭಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ತಿಂಗಳುಗಳನ್ನು ಕಳೆದಿದ್ದರು. ಅವಳು ಅವನ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಎಣ್ಣೆಗೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಅವನು ಅವಳ ಭುಜ ಹಿಡಿದುಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿತ್ರ ತೋರಿಸಿ ಹೆಸರು ಕೇಳಿದರು, ಕಾಗದದ ಮೇಲೆ ಗಡಿಯಾರದ ಚಿತ್ರ ಬರೆಸಿದರು, ರಕ್ತ ತೆಗೆಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ವರದಿ ಬರುವವರೆಗಿನ ದಿನಗಳನ್ನು ಅವಳು ಹೇಗೆ ದೂಡಿದಳೋ ಅವಳಿಗೇ ಗೊತ್ತು. ಮಲಗಿದರೆ ಕಣ್ಣು ಹತ್ತಲಿಲ್ಲ. ಕೊನೆಗೆ ಡಾಕ್ಟರಮ್ಮ ಕರೆದು ಕೂರಿಸಿಕೊಂಡರು.

"ಥೈರಾಯ್ಡ್ ತೀರಾ ಕಡಿಮೆ ಇದೆ. ಮರೆವು, ಗಲಿಬಿಲಿ ಅದರಿಂದಲೂ ಬರುತ್ತೆ. ಸ್ಕ್ಯಾನಲ್ಲಿ ಕೆಟ್ಟದ್ದೇನೂ ಕಾಣ್ತಿಲ್ಲ."

"ಹಾಗಾದ್ರೆ ಅಮ್ಮನ ಕಾಯಿಲೆ ಅಲ್ವಾ?"

"ಅಲ್ಲ ಅಂತ ಇವತ್ತೇ ಬರೆದು ಕೊಡೋಕೆ ಆಗಲ್ಲಮ್ಮ. ಮಾತ್ರೆ ತಗೊಳ್ಳಿ. ಕೆಲವು ತಿಂಗಳು ನೋಡೋಣ."

ಸಮಾಧಾನವೂ ಅಲ್ಲದ, ಶಿಕ್ಷೆಯೂ ಅಲ್ಲದ ಆ ಮಾತನ್ನು ಇಬ್ಬರೂ ಹೊತ್ತುಕೊಂಡು ಮನೆಗೆ ಬಂದರು. ಮಾತ್ರೆ ಕೆಲಸ ಮಾಡಿತು. ತಲೆಗೆ ಕವಿದಿದ್ದ ಮಂಕು ಮೆಲ್ಲಗೆ ಸರಿಯಿತು, ಪದಗಳು ಕರೆದರೆ ಬರತೊಡಗಿದವು. ಭಯ ಮಾತ್ರ ಪೂರ್ತಿ ಹೋಗಲಿಲ್ಲ. ಬೀಗದ ಕೈ ಎಲ್ಲಿಟ್ಟೆನೆಂದು ಹುಡುಕುವಾಗ, ನೆರೆಯವರ ಹೆಸರು ತುಸು ತಡವಾಗಿ ನೆನಪಾದಾಗ, ಆ ದಿಗಿಲು ಮತ್ತೆ ತಲೆಯೆತ್ತುತ್ತಿತ್ತು. ಆಗ ಗಂಡನ ಕಡೆ ನೋಡಿದರೆ ಅವನೂ ಅವಳನ್ನೇ ನೋಡುತ್ತಿರುತ್ತಿದ್ದ.

ಆಫೀಸಿನವರಿಗೆ ಎಲ್ಲವನ್ನೂ ಹೇಳಿದಳು. ತಲೆ ಎಣಿಸುವ ಹೊಣೆ ಡ್ರೈವರನದೆಂದು ಗೊತ್ತುಮಾಡಿಕೊಂಡು ಅವಳನ್ನು ಮತ್ತೆ ಬಸ್ಸಿಗೆ ಹತ್ತಿಸಿದರು. ಮೊದಲ ದಿನ ಅವಳು ಮೈಕಿಗಾಗಿ ಕೈ ಚಾಚುವಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡ ಟಿಕೆಟ್ ಹಿಡಿದುಕೊಂಡು ಬಸ್ಸು ಹತ್ತಿದ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹತ್ತಿದವನಲ್ಲ.

"ನೀವ್ಯಾಕ್ರೀ ಬಂದ್ರಿ?"

"ಊರು ನೋಡೋಕೆ" ಎಂದು ಮುಂದಿನ ಸೀಟಿನಲ್ಲಿ ಕೂತ.

ಅವನ ಕೈ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಬಸ್ಸು ಹೊರಟಿತು. ಅವಳು ಮೈಕು ಹಿಡಿದು, "ಎಲ್ಲರಿಗೂ ನಮಸ್ಕಾರ" ಎಂದು ಶುರುಮಾಡಿದಳು.